ಹೊಶಿಕಾವಾ ಸೊಮೆಜಿಯ ಎರಡನೇ ಬೇರಿಂಗ್

ಹೊಶಿಕಾವಾ ಸೊಮೆಜಿ ತಾನು ಬಿಗಿದ ಪ್ರತಿಯೊಂದು ಬೋಲ್ಟಿನತ್ತಲೂ ತೋರುಬೆರಳು ಚಾಚಿ "ಸರಿ!" ಎಂದು ಗಟ್ಟಿಯಾಗಿ ಕೂಗುತ್ತಿದ್ದ. ಪ್ರಾಯದಲ್ಲಿ ರೈಲಿನ ಡಿಪೋದಲ್ಲಿ ಕಲಿತ ಈ ಪದ್ಧತಿಯನ್ನು, ನಮ್ಮ ಕಣಿವೆಯ ಪೇಟೆಗೆ ಬಂದು ಮೂವತ್ತು ವರ್ಷ ಗ್ಯಾರೇಜು ನಡೆಸಿದರೂ ಬಿಟ್ಟಿರಲಿಲ್ಲ. ಮೊಣಕೈಗೆ ತೇಪೆ ಹಾಕಿದ ನೀಲಿ ಕೋಟು ತೊಟ್ಟು, ಎಡಗಾಲನ್ನು ತುಸು ಎಳೆಯುತ್ತ ಅವನು ಕಾರನ್ನು ಸುತ್ತುವಾಗ, ಹೆಣ್ಣು ನೋಡಲು ಬಂದ ಸೋದರತ್ತೆಯ ಗತ್ತಿರುತ್ತಿತ್ತು.

ಸೋಯಾ ಹಾಲು ಒಡೆಸಿ ಮಾಡಿದ ತೋಫು ಮಾರುವ ಮಿಸಾವೊಳ ಪುಟ್ಟ ವ್ಯಾನು ಒಂದು ಬೆಳಿಗ್ಗೆ ಕಿರುಚುತ್ತ ಬಂತು. ಎಂಜಿನ್ನಿಗೆ ಗಾಳಿಯೊತ್ತಿ ಬಲ ತುಂಬುವ ಸೂಪರ್‌ಚಾರ್ಜರಿನ ಕ್ಲಚ್ ಪುಲ್ಲಿಯಲ್ಲಿ ಬೇರಿಂಗ್ ಸವೆದಿತ್ತು. ಆ ಬಲವಿಲ್ಲದೆ ವ್ಯಾನು ಘಾಟಿ ಹತ್ತದು; ಹತ್ತದಿದ್ದರೆ ಮೇಲಿನ ಒಂಬತ್ತು ಮನೆಯವರು ಬೇರೊಬ್ಬನಿಂದ ತೋಫು ಕೊಳ್ಳುತ್ತಾರೆ, ಮಿಸಾವೊ ಕಡಾಯಿ ಬೋರಲು ಹಾಕಬೇಕು.

"ನಾಳೆ ಬೆಳಿಗ್ಗೆ ಬೇಕೇ ಬೇಕು, ಅಣ್ಣ."

"ಕೊಡ್ತೀನಿ ಅಂದ್ನಲ್ಲ. ನಿನ್ನ ತೋಫು ಥರ ಅಲ್ಲಾಡೋ ಮಾತಲ್ಲ ನಂದು."

ಹಳೆಯದನ್ನು ಕಿತ್ತು, ಪುಲ್ಲಿಯ ಗೂಡು ಒರೆಸಿ, ಹೊಸ ಬೇರಿಂಗನ್ನು ಪ್ರೆಸ್ಸಿನಡಿ ಇಟ್ಟ. ಒತ್ತುವಾಗ ಭಾರವೆಲ್ಲ ಬೇರಿಂಗಿನ ಹೊರಬಳೆಯ ಮೇಲೇ ಬೀಳಬೇಕು. ಒಳಬಳೆಗೆ ಬಿದ್ದರೆ ಗುಂಡುಗಳು ತಮ್ಮ ದಾರಿಯಲ್ಲೇ ಗುಳಿ ಕೊರೆಯುತ್ತವೆ. ಅವನು ಬೆರಳು ಚಾಚಿ, "ಹೊರಬಳೆ, ಸರಿ!" ಎಂದು ಕೂಗಿ ಒತ್ತಿದ. ಆಮೇಲೆ ನೋಡಿದರೆ, ಪ್ರೆಸ್ಸಿಗೂ ಬೇರಿಂಗಿಗೂ ನಡುವೆ ಇಟ್ಟಿದ್ದದ್ದು ಸಣ್ಣ ಅಳತೆಯ ಉಂಗುರ; ಭಾರ ಒಳಬಳೆಗೇ ಬಿದ್ದಿತ್ತು. ಕಣ್ಣು ನೋಡುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು.

ಬೆರಳಲ್ಲಿ ತಿರುಗಿಸಿದ. ಮಿಸಾವೊ ಕೂಡ ತಿರುಗಿಸಿದಳು.

"ಬೆಣ್ಣೆ ಹಂಗಿದೆ ಕಣಣ್ಣ. ಹಾಕ್ಬಿಡು."

"ಒಳಗೆ ಒಂದು ಮರಳು ಕಾಳಿನಷ್ಟು ತಡೀತಿದೆ. ತಪ್ಪು ನಂದು, ಒತ್ತಿ ಕೆಡಿಸ್ದೆ."

"ಯಾರಿಗೆ ಗೊತ್ತಾಗುತ್ತೆ?"

"ಘಾಟಿಗೆ ಗೊತ್ತಾಗುತ್ತೆ. ಅರ್ಧ ಏರಲ್ಲಿ ಬಲ ಹೋದ್ರೆ ಹಿಂದಕ್ಕೆ ಜಾರೋದು ನೀನು, ನಾನಲ್ಲ."

"ಮೂವತ್ತು ವರ್ಷ ಕೂಗಿದ್ದು ಇಷ್ಟಕ್ಕೇನಾ?" ಎಂದು ಅವಳು ಸಿಟ್ಟಿನಲ್ಲಿ ಚುಚ್ಚಿದಳು. ಅವನು ಕೋಟಿನ ಗುಂಡಿ ಹಾಕಿಕೊಂಡು, ಕಾಲೆಳೆಯುತ್ತಲೇ ಹತ್ತೂವರೆಯ ಬಸ್ಸು ಹಿಡಿದ. ದೊಡ್ಡ ಪೇಟೆಯಿಂದ ಇನ್ನೊಂದು ಬೇರಿಂಗ್ ತಂದಾಗ ಸಂಜೆ ನಾಲ್ಕು. ಈ ಬಾರಿ ದೊಡ್ಡ ಅಳತೆಯ ಉಂಗುರ ಇಟ್ಟು, ಬಹಳ ಹೊತ್ತು ಬಾಯಿ ಬಿಗಿಹಿಡಿದು ನೋಡಿದ, ಉಗುರಿನಿಂದ ಹೊರಬಳೆಯ ಅಂಚನ್ನು ಸುತ್ತಲೂ ತಡವಿದ, ಆಮೇಲೆ ಒತ್ತಿದ. ಕ್ಲಚ್ ತಟ್ಟೆಯ ಸಂದು ಅಳೆದು, ಬೆಲ್ಟು ಬಿಗಿದು ಎಂಜಿನ್ ಹಚ್ಚಿದಾಗ ಕ್ಲಚ್ ಟಕ್ಕೆಂದು ಕಚ್ಚಿತು. ಕಿರುಚಾಟ ಇರಲಿಲ್ಲ.

ಮರುದಿನ ಒಂಬತ್ತೂ ಮನೆಗೆ ತೋಫು ಮುಟ್ಟಿತು.

ತನ್ನ ಕೈ ತಪ್ಪದೆಂದು ನಂಬಿದವರು ಲೋಕದಲ್ಲಿ ಧಾರಾಳ. ಯಾರೂ ಕಾಣದ ತಪ್ಪನ್ನು ತಾವೇ ಎತ್ತಿ ಬೆಳಕಿಗೆ ಹಿಡಿಯುವವರು ವಿರಳ. ಅಂಥವರ ಜೊತೆ ವ್ಯವಹಾರ ಕಷ್ಟ, ಬೈಗುಳವೂ ಬಾಯಿಗೆ ಬರುತ್ತದೆ. ಆದರೆ ಅವರ ಕೈ ಹಾಯ್ದ ಗಾಡಿಯಲ್ಲಿ ಕೂತು ಏರು ಹತ್ತುವವರಿಗೆ ಪಕ್ಕದ ಪ್ರಪಾತ ನೆನಪಿಗೇ ಬರುವುದಿಲ್ಲ.