ಪಾಪಕ್ಕನ ಮೊದಲ ಉತ್ತರ

೨೦೦೪ರಲ್ಲಿ ದೊಡ್ಡಉಳ್ಳಾರ್ತಿಗೆ ಒಂದು ಯೋಜನೆ ಬಂತು. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಎಲ್ಲವೂ ಒಟ್ಟಿಗೇ ಅಂಟಿಕೊಂಡವರು ಒಂದೊಂದಕ್ಕೂ ಒಂದೊಂದು ದಿನ ಚಳ್ಳಕೆರೆಗೆ ಅಲೆಯಬೇಕಿಲ್ಲ. ತಿಂಗಳಿಗೊಮ್ಮೆ ಡಾಕ್ಟರೇ ಊರಿಗೆ ಬಂದು ಎಲ್ಲವನ್ನೂ ನೋಡುತ್ತಾರೆ. ಹಾಕಿದ ಖರ್ಚಿಗೆ ತಕ್ಕ ಗುಣ ಕಾಣುತ್ತಿದೆಯೇ ಎಂದು ಅಳೆಯುವ ಕೆಲಸ ಸಮೀಕ್ಷೆಗೆ ನೇಮಕವಾದ ಜಗದಾಂಬಳದು. ಶುರುವಿನಲ್ಲೊಮ್ಮೆ, ವರ್ಷದ ಕೊನೆಗೊಮ್ಮೆ ಅವೇ ಪ್ರಶ್ನೆ ಕೇಳಬೇಕು. ಜನ ಹೇಳಿದ್ದನ್ನಷ್ಟೇ ಬರೆಯಬೇಕು, ಸ್ವಂತ ಬುದ್ಧಿ ಬೆರೆಸಬಾರದು. ಜಗದಾಂಬಳೋ, ಹಾಕಿದ ಗೆರೆ ದಾಟದವಳು.

ಮೊದಲ ದಿನ ಕೂಲಿ ಮಾಡುವ ಪಾಪಕ್ಕ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು.

"ನಡೆಯೋಕೆ ತೊಂದ್ರೆ ಐತಾ?" ಜಗದಾಂಬ ಕೇಳಿದಳು.

"ಏನಿಲ್ಲ ಕಣಮ್ಮ, ಚೆನ್ನಾಗಿದೀನಿ."

ಮನೆಗೆ ಬಂದ ಹೊಸಬರ ಮುಂದೆ ಯಾರಾದರೂ ಗೋಳು ಹೇಳಿಕೊಳ್ಳುತ್ತಾರೆಯೇ? ಪಾಪಕ್ಕ ಗೋಡೆ ಹಿಡಿದು ಒಳಗೆ ಹೋದದ್ದನ್ನು ಜಗದಾಂಬ ಕಣ್ಣಾರೆ ಕಂಡಳು. ಆದರೂ 'ತೊಂದರೆ ಇಲ್ಲ' ಎಂದೇ ಗುರುತು ಹಾಕಿದಳು. ಮನೆಮನೆಯಲ್ಲೂ ಅದೇ ಉತ್ತರ, ಅದೇ ಗುರುತು.

ತಿಂಗಳು ತಿಂಗಳೂ ಡಾಕ್ಟರ ಜೊತೆ ಬರುತ್ತಾ ಜಗದಾಂಬ ಊರಿಗೆ ಮನೆಮಗಳಾದಳು. ಪಾಪಕ್ಕ ಗೋಡೆ ಬಿಟ್ಟು ದನ ಮೇಯುವ ಕಾವಲಿನ ತನಕ ನಡೆಯುವಂತಾದಳು. ವರ್ಷದ ಕೊನೆಗೆ ಅದೇ ಪ್ರಶ್ನೆ ಕೇಳಿದಾಗ ಅವಳು ನಕ್ಕಳು.

"ನಿನ್ನತ್ರ ಮುಚ್ಚಿಡೋದೇನವ್ವ? ಮಂಡಿ ಇನ್ನೂ ಹಿಡ್ಕೊಂತೈತೆ, ಪಾದ ಉರಿತಾವೆ."

ನಂಬಿ ಹೇಳಿದಳಲ್ಲ ಎಂದು ಜಗದಾಂಬ ಹಿಗ್ಗಿದಳು. ಒಂದಕ್ಷರ ಬಿಡದೆ ಬರೆದಳು. ಉಳಿದ ಮನೆಗಳವರೂ ಈ ಸಲ ಹೀಗೇ ಬಿಚ್ಚಿ ಹೇಳಿದರು.

ಮೂರು ತಿಂಗಳಿಗೆ ವರದಿ ಬಂತು: ಮೊದಲು ಆರೋಗ್ಯವಾಗಿದ್ದ ಜನ ವರ್ಷದಲ್ಲಿ ಹದಗೆಟ್ಟಿದ್ದಾರೆ, ಖರ್ಚು ವ್ಯರ್ಥ, ಯೋಜನೆ ನಿಲ್ಲಿಸಿ. ಜಗದಾಂಬ ಯೋಜನೆಯ ಅಧಿಕಾರಿ ಶಾಂತವೀರಪ್ಪನವರ ಬಳಿ ಓಡಿದಳು.

"ಸಾರ್, ಅವ್ರು ಮೊದ್ಲು ಹೇಳಿದ್ದು ನಿಜ ಅಲ್ಲ. ನಾನೇ ನೋಡಿದ್ದೆ."

"ನೋಡಿದ್ದೋಳು ಅವತ್ತೇ ಯಾಕಮ್ಮ ಹೇಳ್ಲಿಲ್ಲ?"

ಗೋಡೆ ಹಿಡಿದ ಆ ಕೈಯ ಬಗ್ಗೆ ಹಾಳೆಯ ಅಂಚಿನಲ್ಲಿ ಒಂದು ಸಾಲು ಗೀಚಿದ್ದರೆ ಏನು ಗಂಟು ಹೋಗುತ್ತಿತ್ತು! ಜಗದಾಂಬಳಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಡಾಕ್ಟರು ಬರುವುದು ನಿಂತು ಆರು ತಿಂಗಳಾದ ಮೇಲೆ, ತಪ್ಪು ಒಪ್ಪಿಕೊಳ್ಳಲೆಂದು ಅವಳು ದೊಡ್ಡಉಳ್ಳಾರ್ತಿಗೆ ಹೋದಳು. ಪಾಪಕ್ಕ ಗೋಡೆ ಹಿಡಿದು ಮೆಲ್ಲಗೆ ಬಂದಳು. ಚಾಪೆ ಹಾಸಿದಳು. ಮಜ್ಜಿಗೆ ತಂದಿಟ್ಟಳು.

"ಹೆಂಗಿದೀಯ ಪಾಪಕ್ಕ?"

ಪಾಪಕ್ಕ ಅವಳ ಮುಖ ನೋಡಲಿಲ್ಲ.

"ಏನಿಲ್ಲ ಕಣಮ್ಮ, ಚೆನ್ನಾಗಿದೀನಿ."