ಅಮ್ಮೋರು ಗದರಲಿಲ್ಲ

ನಮ್ಮ ನಾಟಕದಲ್ಲಿ ಒಂದು ನಿಯಮವಿದೆ. ನೋಡುತ್ತ ಕೂತವರಲ್ಲಿ ಯಾರು ಬೇಕಾದರೂ ‘ನಿಲ್ಸಿ’ ಎಂದು ಕೂಗಬಹುದು. ಕೂಗಿದವರು ಎದ್ದು ಬಂದು, ಅನ್ಯಾಯಕ್ಕೆ ಸಿಕ್ಕವಳ ಜಾಗದಲ್ಲಿ ನಿಂತು, ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಆಡಿ ತೋರಿಸಬೇಕು. ಅನ್ಯಾಯ ಮಾಡುವವರ ಜಾಗಕ್ಕೆ ಮಾತ್ರ ಯಾರೂ ಬರುವಂತಿಲ್ಲ. ಒಳ್ಳೆಯ ಯಜಮಾನಿಯನ್ನು ಆಡಿ ತೋರಿಸುವುದು ಸುಲಭ, ಅದರಿಂದ ಯಾರ ಬದುಕೂ ಬದಲಾಗುವುದಿಲ್ಲ ಎನ್ನುತ್ತಾಳೆ ಜನಾಯಿನಾ. ಆಟಕ್ಕೂ ಜನಕ್ಕೂ ನಡುವೆ ನಿಂತು ನಡೆಸಿಕೊಡುವವಳು ಅವಳು. ಅವಳನ್ನು ಜೋಕರ್ ಎಂದು ಕರೆಯುತ್ತೇವೆ, ಇಸ್ಪೀಟಿನ ಜೋಕರಿನ ಹಾಗೆ ಎಲ್ಲಿ ಬೇಕಾದರೂ ಸಲ್ಲುವವಳು.

ನಾವು ಏಳು ಹೆಂಗಸರು, ಎಲ್ಲರೂ ರೆಸಿಫೆ ಪಟ್ಟಣದ ದೊಡ್ಡ ಮನೆಗಳಲ್ಲಿ ಕೆಲಸಕ್ಕಿದ್ದವರು. ಐವತ್ತಾರನೆಯ ವಯಸ್ಸಿನಲ್ಲಿ ಚರ್ಚಿನ ರಾತ್ರಿಶಾಲೆಗೆ ಅಕ್ಷರ ಕಲಿಯಲು ಹೋದಾಗ ನಾನು ಈ ಗುಂಪಿಗೆ ಸೇರಿದೆ. ಯಜಮಾನಿಯ ಪಾತ್ರ ನನ್ನದು. ಮೂವತ್ತು ವರ್ಷ ಕೇಳಿಸಿಕೊಂಡ ದನಿ, ಹೊಸದಾಗಿ ಕಲಿಯಬೇಕಾದ್ದೇನೂ ಇರಲಿಲ್ಲ.

ಆ ವರ್ಷ ಕಟ್ಟಿದ ನಾಟಕ ನನ್ನ ಅಕ್ಕ ಸೆವೆರೀನಾಳ ಕಥೆ. ಅವಳಿಗೆ ಮಾತ್ರ ಹೇಳಿರಲಿಲ್ಲ.

ಅಕ್ಕ ಹದಿನಾಲ್ಕಕ್ಕೆ ಡೋನಾ ಎಲೊಯೀಸಾ ಅವರ ಮನೆ ಸೇರಿದವಳು. ಸಮುದ್ರದ ಎದುರಿನ ಹನ್ನೊಂದನೆಯ ಮಹಡಿ. ಅಕ್ಕನದು ಅಡುಗೆಮನೆಯ ಹಿಂದಿನ, ಕಿಟಕಿಯಿಲ್ಲದ ಕೋಣೆ. ಅಲ್ಲಿಂದ ಸಮುದ್ರ ಕೇಳಿಸುತ್ತದೆ, ಕಾಣುವುದಿಲ್ಲ. ಅವ್ವ ಊರಲ್ಲಿ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ಆ ಮನೆಯಲ್ಲಿ ಮೊಮ್ಮಗನ ನಾಮಕರಣದ ಊಟ. ನಮ್ಮ ಸೆಕೆಯಲ್ಲಿ ಹೆಣವನ್ನು ಒಂದು ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಅಕ್ಕ ಬಂದದ್ದು ಮೂರನೆಯ ದಿನ. ಗೋರಿಯ ಮಣ್ಣು ಆಗಲೇ ಒಣಗಿತ್ತು. “ಅವ್ವನ ಮುಖಕ್ಕಿಂತ ಅವರ ಮನೆ ಮೇಜು ಹೆಚ್ಚಾಯ್ತಾ?” ಎಂದು ಅಲ್ಲಿಯೇ ಎಲ್ಲರೆದುರು ಕೇಳಿದ್ದೆ.

ಅದಾಗಿ ಇಪ್ಪತ್ತೆರಡು ವರ್ಷ. ಈಗ ಗುಡ್ಡದ ಮೇಲಿನ ನನ್ನ ಮನೆಯಲ್ಲಿ ಅವಳಿಗೆಂದೇ ಒಂದು ಕೋಣೆ ಎಬ್ಬಿಸಿದ್ದೆ, ಕಿಟಕಿಯಿಟ್ಟು. ಬಾ ಎಂದರೆ ನಕ್ಕು ಬೇರೆ ಮಾತು ತೆಗೆಯುತ್ತಿದ್ದಳು. ನಾಟಕದಲ್ಲಿ ಒಂದು ಸಲ, ನಾಲ್ಕು ಜನರೆದುರು, ‘ನಾನು ಹೋಗ್ತೀನಿ’ ಎಂದುಬಿಟ್ಟರೆ ಆ ಮನೆಯಲ್ಲೂ ಅವಳಿಗೆ ಬಾಯಿ ಬಂದೀತು ಎಂಬುದು ನನ್ನ ಲೆಕ್ಕ.

ಭಾನುವಾರ ಮಧ್ಯಾಹ್ನ ಚರ್ಚಿನ ಹಾಲಿಗೆ ಬಂದಳು, ಬಟ್ಟೆಯಲ್ಲಿ ಮರಗೆಣಸಿನ ಕೇಕು ಸುತ್ತಿಕೊಂಡು.

“ಏನೇ ಡಾಲ್ವಾ, ಈ ವಯಸ್ಸಲ್ಲಿ ಬಣ್ಣ ಬಳ್ಕೊಂಡು ಕುಣೀತೀಯಾ?”

“ಕುಣಿಯಲ್ಲ ಅಕ್ಕಾ, ಬೈತೀನಿ. ಯಜಮಾನಿ ಪಾರ್ಟು.”

“ಹಂಗಾದ್ರೆ ನಿಂಗೆ ಬಣ್ಣಾನೂ ಬೇಡ ಬಿಡು.”

ಆಟ ಶುರುವಾಯಿತು. ಕೆಲಸದವಳ ಪಾರ್ಟು ಮಾಡುತ್ತಿದ್ದ ಮಾರ್ಲೂಸಿ ಫೋನು ಕೆಳಗಿಟ್ಟು ಅತ್ತಳು. ನಾನು ಮುತ್ತಿನ ಸರ ಕುಣಿಸುತ್ತ ಅಬ್ಬರಿಸಿದೆ: “ಮೂವತ್ತು ಜನ ಊಟಕ್ಕೆ ಬರ್ತಿದಾರೆ, ಈಗ ಹೋಗ್ತೀಯಾ? ನೀನು ಹೋದ್ರೆ ಸತ್ತೋಳು ಎದ್ದು ಕೂರ್ತಾಳಾ? ಬಾಯ್ಮುಚ್ಕೊಂಡು ಮೇಜು ಒರ್ಸು!”

ಜನ ಹೋ ಎಂದು ಕೂಗಿದರು. ಮಾರ್ಲೂಸಿ ತಲೆ ತಗ್ಗಿಸಿದಳು.

“ನಿಲ್ಸಿ.”

ಮೂರನೆಯ ಬೆಂಚಿನಿಂದ ಅಕ್ಕ ಎದ್ದಿದ್ದಳು. ಕೈಚೀಲ ಅವುಚಿಕೊಂಡು ಮೆಟ್ಟಿಲು ಹತ್ತಿ ಬಂದಳು. ಮಾರ್ಲೂಸಿ ಏಪ್ರನ್ ಬಿಚ್ಚಿ ಚಾಚಿದಳು. ಅಕ್ಕ ಅದನ್ನು ಮುಟ್ಟಲಿಲ್ಲ. ನನ್ನ ಮುಂದೆ ನಿಂತು, “ಆ ಸರ ತೆಗಿ” ಎಂದಳು.

ಜನಾಯಿನಾ ಹತ್ತಿರ ಬಂದಳು. “ಅಮ್ಮಾ, ಯಜಮಾನಿ ಜಾಗಕ್ಕೆ ಬರೋ ಹಾಗಿಲ್ಲ. ನೀವು ಕೆಲಸದವಳ ಜಾಗದಲ್ಲಿ ನಿಂತ್ಕೊಂಡು...”

“ಆ ಜಾಗದಲ್ಲಿ ಐವತ್ತೊಂದು ವರ್ಷದಿಂದ ನಿಂತಿದೀನಿ ಮಗಳೇ. ಇವಳು ಆಡ್ತಿರೋದು ಸುಳ್ಳು. ಅಮ್ಮೋರು ಗದರಲಿಲ್ಲ.”

ಯಾರೋ ನಕ್ಕರು. ಜನಾಯಿನಾ ನನ್ನ ಮುಖ ನೋಡಿದಳು. ನಾನು ಸರ ತೆಗೆದುಕೊಟ್ಟು ಏಪ್ರನ್ ಕಟ್ಟಿಕೊಂಡೆ.

ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಬಾಯಲ್ಲಿ ಬಂದ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಷ್ಟು ಮೆತ್ತಗಿನ ದನಿ.

“ಸೆವೆರೀನಾ, ಕಂದಾ, ಅಳ್ಬೇಡ. ನಿಮ್ಮವ್ವ ಬೇರೆ ಅಲ್ಲ, ನಮ್ಮವ್ವ ಬೇರೆ ಅಲ್ಲ. ಹೋಗು, ನಾನು ಬೇಡ ಅನ್ನಲ್ಲ. ಆದ್ರೆ ಮಗು ನಿನ್ನ ಕೈಲಲ್ದೆ ಯಾರ ಹತ್ರ ಸುಮ್ನಿರತ್ತೆ ಹೇಳು? ಬರೀ ಕೆಲಸದೋಳಾಗಿದ್ರೆ ಇನ್ನೊಬ್ಬಳನ್ನ ಕರೀತಿದ್ದೆ. ನೀನು ನಮ್ಮನೆಯವಳ ಹಾಗೇ ಅಲ್ವಾ?”

ಹೆಬ್ಬೆರಳಿನಿಂದ ನನ್ನ ಕೆನ್ನೆ ಒರೆಸಿದಳು. ಆಗಲೇ ಗೊತ್ತಾದದ್ದು, ನಾನು ಅಳುತ್ತಿದ್ದೆ.

ಉತ್ತರಗಳು ನನಗೆ ಗೊತ್ತಿದ್ದವು. ಎಷ್ಟೋ ಬಡಾವಣೆಗಳಲ್ಲಿ ಎಷ್ಟೋ ಹೆಂಗಸರಿಗೆ ಹೇಳಿಕೊಟ್ಟಿದ್ದೆ. ನನಗೂ ಒಂದು ಮನೆ ಇದೆ ಎನ್ನಬೇಕಿತ್ತು. ನನ್ನ ಅವ್ವ ಒಬ್ಬಳೇ ಎನ್ನಬೇಕಿತ್ತು. ಆ ಕೈಗಳು ಬೆಚ್ಚಗಿದ್ದವು, ಬೆಳ್ಳುಳ್ಳಿ ಮತ್ತು ಸಾಬೂನಿನ ವಾಸನೆಯಿತ್ತು. ಬೆಂಚುಗಳ ಮೇಲಿನ ಜನವೆಲ್ಲ ಕಾಯುತ್ತಿದ್ದರು.

“ಊಟ ಆದ್ಮೇಲೆ ಹೋಗ್ತೀನಿ, ಅಮ್ಮೋರೆ” ಎಂದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕ ಕೈ ಬಿಟ್ಟು, ಸರವನ್ನು ಮತ್ತೆ ನನ್ನ ಕೊರಳಿಗೆ ಹಾಕಿದಳು. “ನೋಡಿದ್ಯಾ” ಎಂದಳು, ನನಗೊಬ್ಬಳಿಗೇ ಕೇಳುವಂತೆ. ಗೆದ್ದ ದನಿಯಲ್ಲ ಅದು.

ಆಮೇಲೆ ಚರ್ಚಿನ ಮೆಟ್ಟಿಲ ಮೇಲೆ ಕೂತು ಕೇಕು ತಿಂದೆವು.

“ಅಕ್ಕಾ, ಆವತ್ತು ಅವ್ವನ ಮಣ್ಣಿನ ಹತ್ರ ನಾನಂದಿದ್ದು...”

“ತಿನ್ನು. ಸಕ್ರೆ ಕಮ್ಮಿಯಾಗಿದೆ, ಅಲ್ವಾ?”

“ಇವತ್ತೇ ಉಳ್ಕೋ. ಕೋಣೆ ಗುಡಿಸಿಟ್ಟಿದೀನಿ.”

“ಅಮ್ಮೋರಿಗೆ ಎಂಬತ್ತೊಂಬತ್ತು ಕಣೇ. ಮಕ್ಕಳ ಹೆಸರೂ ಮರ್ತಿದಾರೆ, ನನ್ನ ಹೆಸರು ಮಾತ್ರ ಮರ್ತಿಲ್ಲ. ಬೇರೆಯವ್ರು ಕೊಟ್ರೆ ಸೂಪು ಕುಡಿಯಲ್ಲ.”

“ಅದೂ ಅದೇ ಮಾತಲ್ವಾ ಅಕ್ಕಾ? ನಿನ್ನ ಕೈಲಲ್ದೆ ಅಂತ?”

ಅಕ್ಕ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. “ಅದೇ ಮಾತೇ. ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?”

ಐದು ಗಂಟೆಯ ಬಸ್ಸು ಹತ್ತಿ ಹೋದಳು, ಸೂಪಿನ ಹೊತ್ತಿಗೆ ಸರಿಯಾಗಿ ತಲುಪುವಂತೆ.

ಅಕ್ಕನಿಗೆಂದು ಎಬ್ಬಿಸಿದ ಕೋಣೆಯಲ್ಲಿ ಈಗ ನಾಟಕದ ಬಟ್ಟೆಗಳಿವೆ. ನಾಟಕವನ್ನು ಇನ್ನೂ ಆಡುತ್ತೇವೆ, ಆದರೆ ನಾನು ಅಬ್ಬರಿಸುವುದಿಲ್ಲ. ಮಾರ್ಲೂಸಿಯ ಎರಡೂ ಕೈ ಹಿಡಿದು, ಅಕ್ಕ ಹೇಳಿಕೊಟ್ಟಂತೆ ಮೆತ್ತಗೆ ಕೇಳುತ್ತೇನೆ. ಜನ ಹೋ ಎನ್ನುವುದಿಲ್ಲ. ಮುಂದಿನ ಬೆಂಚಿನ ಹೆಂಗಸರು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾರೆ. ‘ನಿಲ್ಸಿ’ ಎಂಬ ಮಾತು ಬರಲು ಬಹಳ ಹೊತ್ತು ಹಿಡಿಯುತ್ತದೆ. ಕೆಲವು ದಿನ ಬರುವುದೇ ಇಲ್ಲ. ಜನಾಯಿನಾ ಅವಸರ ಮಾಡುವುದಿಲ್ಲ. ನಾನೂ ಮಾರ್ಲೂಸಿಯ ಕೈ ಬಿಡದೆ ಕಾಯುತ್ತೇನೆ.