ಕೊಳ್ಳಿ ಇಟ್ಟವರ ಪೇಟ

ನಮ್ಮಪ್ಪ ಏಳೂರಿನ ಹೆಗ್ಗಡೆ. ಆ ಅಧಿಕಾರ ಯಾವತ್ತೋ ಹೋಗಿದೆ; ಉಳಿದದ್ದು ಒಂದು ಜರಿಪೇಟ, ದೇವಸ್ಥಾನದಲ್ಲಿ ಮೊದಲ ವೀಳ್ಯ. ಒಬ್ಬನೇ ಮಗನಾದ ನನಗೆ, ಅಂದರೆ ಶಿಶಿರನಿಗೆ, ಅಷ್ಟೇ ಸಾಕಿತ್ತು. ಬುದ್ಧಿ ಬಂದಾಗಿನಿಂದ ಅದಕ್ಕೇ ಕಾದವನು ನಾನು.

ಅಪ್ಪ ತೀರಿಕೊಂಡ ದಿನ ಶೃಂಗೇರಿಯಲ್ಲಿದ್ದೆ. ಬರುವಾಗ ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತು. ತಂಗಿ ಅಮೂಲ್ಯಾ ಫೋನ್ ಮಾಡಿದಳು.

"ಅಣ್ಣ, ಹೊತ್ತು ಮುಳುಗ್ತಾ ಬಂತು. ಚಿತೆಗೆ ಕೊಳ್ಳಿ ಯಾರು ಇಡೋದು?"

"ನೀನೇ ಇಡು ಮಾರಾಯ್ತಿ. ಈ ಕಾಲದಲ್ಲೂ ಗಂಡು ಹೆಣ್ಣು ಅಂತ ಎಂತದು?"

ಬಸ್ಸಿನವರೆಲ್ಲ ಮೆಚ್ಚಿ ನೋಡಿದರು. ಆ ದುಃಖದಲ್ಲೂ ನನಗೆ ಸ್ವಲ್ಪ ಹೆಮ್ಮೆಯಾಯಿತು.

ಉಳಿದ ಕರ್ಮವನ್ನೆಲ್ಲ ನಾನೇ ಮಾಡಿದೆ. ಪೇಟ ಕಟ್ಟುವ ದಿನಕ್ಕೆ ಜಯಪುರದಿಂದ ಶಾಮಿಯಾನ, ಕೊಪ್ಪದಿಂದ ರೇಷ್ಮೆ ಶಲ್ಯ ತಂದೆ. ಬಂದವರಿಗೆಲ್ಲ ಮನೆತನದ ಕಥೆ ಹೇಳಿದೆ. ಮೊದಲನೆಯ ಹೆಗ್ಗಡೆ ಸತ್ತಾಗ ಅವನ ಮಗ ದಂಡಿಗೆ ಹೋಗಿದ್ದನಂತೆ. ಅಳಿಯ ಕೊಳ್ಳಿ ಇಟ್ಟ. ಮಗ ಮರಳಿ ಬಂದು ಪೇಟ ಕೇಳಿದರೆ ಏಳೂರು ಒಪ್ಪಲಿಲ್ಲ, ಕೊಳ್ಳಿ ಇಟ್ಟವರಿಗೇ ಪೇಟ ಅಂದಿತು. ಆ ಅಳಿಯನೇ ನಮ್ಮ ಮೂಲಪುರುಷ. ಈ ಕಥೆ ನಾನು ಚೆನ್ನಾಗಿ ಹೇಳುತ್ತೇನೆ; ಜನ ತಲೆದೂಗಿದರು.

ಏಳೂರಿನ ಹಿರಿಯ ಮಂಜಯ್ಯ ಪೇಟ ಎತ್ತಿಕೊಂಡು, "ಕೊಳ್ಳಿ ಇಟ್ಟವರು ಯಾರು?" ಎಂದು ಕೇಳಿದರು. ತಲೆಮಾರುಗಳಿಂದ ಮಗನೇ ಇಡುತ್ತ ಬಂದದ್ದರಿಂದ ಆ ಪ್ರಶ್ನೆ ಬರೀ ಶಾಸ್ತ್ರಕ್ಕೆ. "ನಾನು" ಅನ್ನಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು.

ಸೋದರತ್ತೆ ವೆಂಕಮ್ಮ ಮೂಲೆಯಿಂದ ಅಂದಳು, "ಎಂತ ಸುಮ್ಮನಾದೆ ಮಗಾ? ಇಟ್ಟಿದ್ದು ಅಮೂಲ್ಯಾ ಅಲ್ವಾ?"

"ಅದು, ದಾರಿಗೆ ಮರ ಬಿದ್ದು..."

"ಅವನಿಗೆ ದಂಡು, ನಿಂಗೆ ಮರ," ಅಂದರು ಮಂಜಯ್ಯ. "ಈ ಕಟ್ಟಳೆ ಬೇಡ ಅಂದ್ರೆ ಹೇಳು ಮಾರಾಯ. ಆದ್ರೆ ಆಗ ನಿಮ್ಮ ಮನೆಗೆ ಪೇಟ ಬಂದಿದ್ದೇ ತಪ್ಪಾಗ್ತದೆ."

ಬೆಳಿಗ್ಗೆಯಿಂದ ಆ ಕಥೆಯನ್ನು ಊರಿಗೆಲ್ಲ ಸಾರಿದವನು ನಾನೇ. ಅಮೂಲ್ಯಾ ಸಾರಿನ ಸೌಟು ಹಿಡಿದೇ ಬೆಪ್ಪಾಗಿ ನಿಂತಿದ್ದಳು.

"ನಂಗೆ ಬೇಡ. ಅಣ್ಣನಿಗೇ ಕಟ್ಟಿ."

"ಬೇಡ ಅನ್ನೋದಕ್ಕೂ ಮೊದಲು ಅದು ನಿಂದಾಗಬೇಕಲ್ಲ ತಾಯಿ," ಎಂದು ಮಂಜಯ್ಯ ಅವಳ ತಲೆಗೆ ಸುತ್ತಿಯೇಬಿಟ್ಟರು.

ಹೊಸ ಹೆಗ್ಗಡೆಯ ಕಾಲಿಗೆ ಮನೆಯ ಹಿರಿಯ ಮೊದಲು ಬೀಳಬೇಕು. ರೇಷ್ಮೆ ಶಲ್ಯ ಸರಿಮಾಡಿಕೊಂಡು ಬಗ್ಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. "ಬೇಡ ಅಣ್ಣ, ನಾನು ಹೆಣ್ಣು," ಅಂದಳು.

ಈ ಕಾಲದಲ್ಲೂ ಗಂಡು ಹೆಣ್ಣು ಅಂತ ಎಂತದು ಅನ್ನಬೇಕಿತ್ತು. ಬಾಯಿ ಬರಲಿಲ್ಲ.